ಸೋಡಾ ಗ್ಯಾಸಿನ ಪ್ಲಾಸ್ಟಿಕ್ಕು

ನಾನು ಪಿಎಚ್.ಡಿ.ಗೆ ಏನು ಮಾಡುತ್ತಿದ್ದೇನೆ ಎಂದು ನೆಂಟರಿಷ್ಟರಿಗೆ ವಿವರಿಸುವ ಹೊಣೆಯನ್ನು ನಮ್ಮ ಚಿಕ್ಕಪ್ಪ ತಾವಾಗಿಯೇ ವಹಿಸಿಕೊಂಡಿದ್ದರು. ಶಿವಮೊಗ್ಗದಲ್ಲಿ ಅವರದೊಂದು ಗೋಲಿಸೋಡಾ ಅಂಗಡಿ. ಬಂದವರ ಕೈಗೆ ಒಂದು ಸೋಡಾ ಕೊಟ್ಟು, ಅವರು ಬಾಯಿ ತುಂಬಿಕೊಂಡು ಮಾತಾಡಲಾರದೆ ನಿಂತಿರುವಾಗ ಶುರುಮಾಡುವರು: "ನಮ್ಮ ಅಣ್ಣನ ಮಗಳು ಇದೇ ಗ್ಯಾಸಲ್ಲಿ ಪ್ಲಾಸ್ಟಿಕ್ ಮಾಡ್ತಾಳಂತೆ ಕಣ್ರೀ. ನಾನೂ ಇಷ್ಟು ವರ್ಷದಿಂದ ಈ ಗ್ಯಾಸ್ ತುಂಬ್ತಾ ಇದೀನಿ, ಜನ ತೇಗಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ. ಇವಳು ಅದ್ರಲ್ಲೇ ಡಾಕ್ಟರ್ ಆಗ್ತಾಳಂತೆ!"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನಿಜ ಹೇಳಬೇಕೆಂದರೆ, ಅವರ ವಿವರಣೆಯಲ್ಲಿ ಒಂದೇ ಒಂದು ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಇದು ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಕಣ್ಣುಬಿಡುತ್ತಿದ್ದ ಹೊತ್ತಿನ ಮಾತು. ಪ್ಲಾಸ್ಟಿಕ್ ಎಂದರೆ ಸಣ್ಣ ಸಣ್ಣ ಅಣುಗಳನ್ನು ಒಂದರ ಪಕ್ಕ ಒಂದು ಕಟ್ಟಿ ಉದ್ದನೆಯ ಸರ ಮಾಡುವುದು. ಕಟ್ಟುವ ಕೆಲಸಕ್ಕೆ ಒಂದು ಲೋಹ ಬೇಕು. ನನ್ನದು ಸತು. ಎಲ್ಲವೂ ಒಟ್ಟಿಗೆ ಕರಗಿ ಬೆರೆಯುವುದಕ್ಕೆ ಒಂದು ದ್ರಾವಕವೂ ಬೇಕು. ಸಾಮಾನ್ಯವಾಗಿ ಬಳಸುವ ದ್ರಾವಕಗಳು ತಲೆ ಸುತ್ತಿಸುವಂಥವು. ನಮ್ಮ ವಿಭಾಗದ ಕಾರಿಡಾರಿನಲ್ಲಿ ನಡೆದು ಬಂದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರು ಪೇಂಟಿನ ಅಂಗಡಿಯವಳೇ ಇರಬೇಕು ಎಂದು ನನ್ನನ್ನು ತಿರುಗಿ ನೋಡುತ್ತಿದ್ದರು.

ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರಿಗೆ ಈ ವಾಸನೆಯಿಂದ ಬಿಡುಗಡೆ ಬೇಕಿತ್ತು. ಕಾರ್ಬನ್ ಡೈಆಕ್ಸೈಡನ್ನು ಗಟ್ಟಿ ಪಾತ್ರೆಯೊಳಗೆ ಒತ್ತಿ ತುಂಬಿ ಬಿಸಿ ಮಾಡಿದರೆ ಅದು ಅತ್ತ ಗಾಳಿಯೂ ಅಲ್ಲದ, ಇತ್ತ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಗಾಳಿಯ ಹಾಗೆ ಸಂದುಗೊಂದಿಗೆಲ್ಲ ನುಗ್ಗುತ್ತದೆ, ದ್ರವದ ಹಾಗೆ ಬೇರೆಯವನ್ನು ಕರಗಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ನಲ್ಲಿ ತಿರುಗಿಸಿದರೆ ಬುಸ್ ಎಂದು ಹೊರಟುಹೋಗುತ್ತದೆ. ಒಳಗೆ ಉಳಿಯುವುದು ಮಾಡಿದ ವಸ್ತು ಮಾತ್ರ. ನಮ್ಮ ಪ್ರಯೋಗದಲ್ಲಿ ಆ ಗ್ಯಾಸಿಗೆ ಇನ್ನೂ ಒಂದು ಪಾತ್ರವಿತ್ತು. ನಾವು ಕಟ್ಟುವ ಸರದಲ್ಲಿ ಒಂದು ಕನಕಾಂಬರ, ಒಂದು ಮಲ್ಲಿಗೆ, ಮತ್ತೆ ಒಂದು ಕನಕಾಂಬರ ಎಂಬಂತೆ ಎರಡು ಬಗೆಯ ಹೂವು. ಕನಕಾಂಬರ ಸೀಸೆಯಲ್ಲಿ ಬರುವ ಒಂದು ರಾಸಾಯನಿಕ, ಮಲ್ಲಿಗೆ ಇದೇ ಗ್ಯಾಸು. ಹೂ ಕಟ್ಟುವ ಬೆರಳು ಸತು. ಸರ ಉದ್ದಕ್ಕೆ ಬಂದರೆ ಬಿಳಿ ಪುಡಿ ಸಿಗುತ್ತದೆ, ತುಂಡುತುಂಡಾದರೆ ಅಂಟು ಸಿಗುತ್ತದೆ. ಈ ಕಥೆಯಲ್ಲಿ ಬರುವ ರಸಾಯನಶಾಸ್ತ್ರ ಇಷ್ಟೇ, ಹೆದರಬೇಡಿ.

ಅಂಥ ಒತ್ತಡ ತಡೆಯುವ ಪಾತ್ರೆಗೆ ಹೊರಗಿನ ಕಂಪನಿಯೊಂದರಿಂದ ಕೊಟೇಶನ್ ತರಿಸಿದೆವು. ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ಮಡಿಸಿ ಮೇಜಿನ ಕಾಲಿನ ಕೆಳಗೆ ಒತ್ತು ಕೊಟ್ಟರು. ಮೇಜು ಅಲ್ಲಾಡುವುದು ನಿಂತಿತು.

ಆಗ ದಾರಿ ತೋರಿಸಿದವರು ಚಿಕ್ಕಪ್ಪ. "ನನ್ನ ಸೋಡಾ ಮೆಷಿನ್ನಿನ ಮೂತಿ ಮಾಡ್ಕೊಟ್ಟ ಮನುಷ್ಯ ಒಬ್ರು ಭದ್ರಾವತೀಲಿ ಇದಾರೆ. ಕಾರ್ಖಾನೇಲಿ ಟರ್ನರ್ ಆಗಿದ್ರು, ಈಗ ರಿಟೈರ್ ಆಗಿದಾರೆ. ಕಬ್ಬಿಣ ಅವ್ರ ಮಾತು ಕೇಳುತ್ತೆ. ಯಾರ ಮಾತೂ ಕೇಳದ ನೀನು ಒಬ್ಬಳು ಬಿಟ್ರೆ ಎಲ್ರೂ ಅವ್ರ ಮಾತು ಕೇಳ್ತಾರೆ."

ಭದ್ರಾವತಿಯ ಜನ್ನಾಪುರದಲ್ಲಿ ಅವರ ಮನೆ. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತು, ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ. ಬೀದಿಯ ಮಕ್ಕಳೆಲ್ಲ ಅವರನ್ನು ಟರ್ನರ್ ಮಾಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕಿವಿಯ ಮೇಲೆ ಪೆನ್ಸಿಲು. ನಾನು ಬಿಡಿಸಿಕೊಂಡು ಹೋಗಿದ್ದ ಚಿತ್ರವನ್ನು ಅವರು ತಲೆಕೆಳಗಾಗಿ ಹಿಡಿದು ನೋಡಿದರು. ಆಮೇಲೆ ಗೊತ್ತಾಯಿತು, ನಾನೇ ತಲೆಕೆಳಗಾಗಿ ಬಿಡಿಸಿದ್ದೆ.

"ಗೋಡೆ ಇಷ್ಟು ತೆಳ್ಳಗೆ ಇಟ್ರೆ ನೀನು ಡಾಕ್ಟರ್ ಆಗಲ್ಲ ಮಾರಾಯ್ತಿ, ನಿನ್ನನ್ನ ಡಾಕ್ಟ್ರ ಹತ್ರ ಎತ್ಕೊಂಡು ಹೋಗ್ಬೇಕಾಗ್ತದೆ," ಎಂದರು. ಹೆಬ್ಬೆರಳು ತೋರಿಸಿ, "ಇಷ್ಟು ದಪ್ಪ ಬೇಕು. ಮುಚ್ಚಳಕ್ಕೆ ತಿರುಪು. ಗ್ಯಾಸ್ ತುಂಬೋಕೆ ಮುಂಚೆ ನೀರಿನ ಟೆಸ್ಟು. ನೀರು ಒಡೆದ್ರೆ ಬಟ್ಟೆ ಒದ್ದೆಯಾಗ್ತದೆ, ಗ್ಯಾಸ್ ಒಡೆದ್ರೆ ಮನೆಯೋರ ಕಣ್ಣು ಒದ್ದೆಯಾಗ್ತದೆ."

ತಿಂಗಳೊಪ್ಪತ್ತಿನಲ್ಲಿ ಪಾತ್ರೆ ಸಿದ್ಧವಾಯಿತು. ಸುಲಿದ ತೆಂಗಿನಕಾಯಿಯಷ್ಟು ಗಾತ್ರ, ಎತ್ತಿದರೆ ಗುಂಡುಕಲ್ಲಿನ ಭಾರ. ಸ್ಟೇನ್‌ಲೆಸ್ ಸ್ಟೀಲು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ನೀರಿನ ಪರೀಕ್ಷೆಯಲ್ಲಿ ಒಂದು ತೊಟ್ಟೂ ಜಿನುಗಲಿಲ್ಲ. ಮಾಮನಿಗೆ ಅದು ಜಾಬು. ಕಾರ್ಖಾನೆಯ ಭಾಷೆಯಲ್ಲಿ ಲೇತಿನಿಂದ ಇಳಿದದ್ದೆಲ್ಲ ಜಾಬೇ. ನನಗೆ ಅದು ಐದು ವರ್ಷದ ನೋಂದಣಿಯಲ್ಲಿ ಉಳಿದಿದ್ದ ಕೊನೆಯ ಎರಡು ವರ್ಷದ ಭರವಸೆ. ಅಷ್ಟರೊಳಗೆ ಬಿಳಿ ಪುಡಿ ಬರಬೇಕು. ಬರದಿದ್ದರೆ ನೋಂದಣಿ ರದ್ದು. ಮೇಷ್ಟ್ರೂ ನೋಂದಣಿ ಮುಗಿಯುವ ವರ್ಷವೇ ನಿವೃತ್ತರಾಗುವವರಿದ್ದರು. ಅವರ ನಂತರ ಈ ವಿಷಯವನ್ನು ಕೈಗೆತ್ತಿಕೊಳ್ಳುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅಪ್ಪ ಆಗಲೇ ಬಿ.ಎಡ್. ಅರ್ಜಿ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು, ನನಗೆ ಕಾಣದ ಹಾಗೆ ಇಟ್ಟಿದ್ದೇನೆ ಎಂದುಕೊಂಡು.

ಪ್ರಯೋಗ ಹೀಗೆ ನಡೆಯುತ್ತಿತ್ತು. ಐಸ್‌ಕ್ಯಾಂಡಿ ಮಾಡುವವರಿಂದ ಒಂದು ಗೋಣಿಚೀಲದಲ್ಲಿ ಐಸು ತಂದು, ಕಲ್ಲುಪ್ಪು ಬೆರೆಸಿ, ಅದರಲ್ಲಿ ಪಾತ್ರೆ ಹೂಳುವುದು. ಸತುವಿನ ಪುಡಿ ಮತ್ತು ಸೀಸೆಯ ರಾಸಾಯನಿಕ ಮೊದಲೇ ಒಳಗೆ. ಚಿಕ್ಕಪ್ಪನ ಅಂಗಡಿಯ ಸಿಲಿಂಡರನ್ನು ತಲೆಕೆಳಗಾಗಿ ಕಟ್ಟಿ ನಲ್ಲಿ ಬಿಟ್ಟರೆ ಗ್ಯಾಸು ದ್ರವವಾಗಿ ಪಾತ್ರೆಗೆ ಇಳಿಯುತ್ತಿತ್ತು. ಆಮೇಲೆ ಮುಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಇಟ್ಟಿಗೆ ಗೋಡೆಯ ಹಿಂದೆ ಒಂದು ಹಗಲು ಒಂದು ರಾತ್ರಿ ಬಿಡುವುದು. ಮಾರನೆಯ ದಿನ ಆರಿಸಿ, ನಲ್ಲಿಯನ್ನು ಮೆಲ್ಲಗೆ ತಿರುಗಿಸಿದರೆ ಗ್ಯಾಸು ಸೀಟಿ ಹೊಡೆಯುತ್ತ ಹೋಗುತ್ತಿತ್ತು. ನಲ್ಲಿಯ ಬಾಯಿಗೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಮೊದಲ ಸಲ ಅದನ್ನು ನೋಡಿ ನಾನು ಕುಣಿದಾಡಿದೆ. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಜೋನಿಬೆಲ್ಲದಂಥ ಅಂಟು.

ಮೊದಲ ಸಲ ಅಲ್ಲವೇ, ಇರಲಿ ಎಂದುಕೊಂಡೆ. ಎರಡನೆಯ ಸಲವೂ ಜೋನಿಬೆಲ್ಲ, ಹತ್ತನೆಯ ಸಲವೂ ಜೋನಿಬೆಲ್ಲ. ಸತುವನ್ನು ಮೂರು ಬಗೆಯಲ್ಲಿ ತಯಾರಿಸಿದೆ. ಸೀಸೆಯ ರಾಸಾಯನಿಕವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದೆ. ಕೊನೆಗೆ ನನ್ನ ಕಣ್ಣು ಚಿಕ್ಕಪ್ಪನ ಸಿಲಿಂಡರಿನ ಮೇಲೆ ಬಿತ್ತು. ಅಂಗಡಿಯ ತುಂಬ ಗಿರಾಕಿಗಳಿದ್ದಾಗಲೇ ಹೋಗಿ, "ನಿಮ್ಮ ಗ್ಯಾಸಲ್ಲಿ ನೀರಿದೆ, ಕೊಳೆ ಇದೆ. ನಿಮ್ಮಿಂದ ನನ್ನ ಕೆಲಸ ಹಾಳಾಗ್ತಿದೆ!" ಎಂದು ಕೂಗಾಡಿದೆ. ಒಬ್ಬರು ಕುಡಿಯುತ್ತಿದ್ದ ಸೋಡಾ ಕೆಳಗಿಟ್ಟು ಹೊರಟೇಹೋದರು.

ಚಿಕ್ಕಪ್ಪ ಸಿಟ್ಟಾಗಲಿಲ್ಲ. "ಕುಣಿಲಾರದವಳು ಅಂಗಳ ಡೊಂಕು ಅಂದ್ಲಂತೆ," ಎಂದರು, ಅಷ್ಟೇ. ನಾನು ಗ್ಯಾಸನ್ನು ಒಣಗಿಸುವ ಒಂದು ಕೊಳವೆಯನ್ನು ಜೋಡಿಸಿದೆ. ಮತ್ತೆ ಜೋನಿಬೆಲ್ಲ. ಅಂಗಳ ನೆಟ್ಟಗಿತ್ತು.

ಆ ವರ್ಷದುದ್ದಕ್ಕೂ ನನ್ನ ಶನಿವಾರಗಳು ಜನ್ನಾಪುರದಲ್ಲಿ ಕಳೆದವು. ಪ್ರತಿ ಪ್ರಯೋಗದ ನಂತರ ಮುಚ್ಚಳದ ತಿರುಪು ಬಿಗಿಯಾಗುತ್ತಿತ್ತು. "ಬಿಸಿಗೂ ಒತ್ತಡಕ್ಕೂ ಹಿಂಗಾಗ್ತದೆ, ವಾರಕ್ಕೊಂದ್ಸಲ ತಂದು ತೋರಿಸ್ಬೇಕು," ಎಂದು ಮಾಮ ಕಟ್ಟಪ್ಪಣೆ ಮಾಡಿದ್ದರು. ಪಾತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಚೀಲ ಕಾಲಿಗೆ ತಗುಲಿದವರು ಮಾಡುತ್ತಿದ್ದ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಏನಮ್ಮಾ ಇದು, ರುಬ್ಬೋ ಗುಂಡಾ?" ಎಂದು ಕಂಡಕ್ಟರ್ ಕೇಳಿದರೆ, ಹೌದು ಎನ್ನುತ್ತಿದ್ದೆ. ನಿಜ ಹೇಳಿದ್ದರೆ ಇಳಿಸಿಬಿಡುತ್ತಿದ್ದರು.

ಮಾಮ ಶೆಡ್ಡಿನಲ್ಲಿ ತಿರುಪು ಸರಿಮಾಡುವಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ಅವರ ಹೆಂಡತಿಯ ಜೊತೆ ಕೂತಿರುತ್ತಿದ್ದೆ. ಅತ್ತೆ ಎಂದು ಕರೆಯುತ್ತಿದ್ದೆ. ಕಾಫಿ, ಕೋಡುಬಳೆ, ಪಕ್ಕದ ಮನೆಯ ಸುದ್ದಿ. ಇಷ್ಟೊಂದು ಸೋತರೂ ನಾನು ಆ ವರ್ಷ ಮಂಕಾಗಲಿಲ್ಲ ಎಂದರೆ ಅದಕ್ಕೆ ಆ ಅಡುಗೆಮನೆಯೇ ಕಾರಣ. ಹೊರಡುವಾಗ ಮಾಮ ಪಾತ್ರೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. ಮುಚ್ಚಳ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ನಾನು ವಿಭಾಗಕ್ಕೆ ತಂದು ಒಳಭಾಗವನ್ನು ತೊಳೆದು ಒಣಗಿಸಿ ಬಳಸುತ್ತಿದ್ದೆ.

ಒಮ್ಮೆ ಮಗಳ ಹೆರಿಗೆಗೆಂದು ಮಾಮ, ಅತ್ತೆ ಇಬ್ಬರೂ ತಿಂಗಳಮಟ್ಟಿಗೆ ಹೊರಟರು. ನಾನು ಕಾಯಲಿಲ್ಲ, ಕಾಯುವುದು ನನ್ನ ಜಾಯಮಾನವೇ ಅಲ್ಲ. ತಿರುಪು ಬಿಗಿಯಾದರೂ ಹಾಗೇ ಮೂರು ಪ್ರಯೋಗ ಮಾಡಿದೆ. ಆಶ್ಚರ್ಯವೆಂದರೆ ಮೊದಲನೆಯದರಲ್ಲಿ ಅಂಟು ಎಳೆಪಾಕದಷ್ಟು ಗಟ್ಟಿಯಾಯಿತು. ಎರಡನೆಯದರಲ್ಲಿ ಉಂಡೆಪಾಕ. ಮೂರನೆಯದರಲ್ಲಿ ಬಂದದ್ದು ಆರಿದ ಮೇಲೆ ಚೂರುಚೂರಾಗಿ ಒಡೆಯಿತು! ಅಯ್ಯಬ್ಬಾ, ಬಂತು ಅಂದುಕೊಂಡೆ. ಆದರೆ ಆ ಮೂರನೆಯ ಸಲ ಮುಚ್ಚಳ ತೆಗೆಯಲು ನಾನೂ ಮೇಷ್ಟ್ರೂ ಉದ್ದನೆಯ ಸ್ಪ್ಯಾನರು ಹಾಕಿ ಜೋತುಬೀಳಬೇಕಾಯಿತು. ತಿರುಪಿನ ಅಂಚು ಕಿತ್ತುಬಂತು. ಮಾಮ ಊರಿಂದ ಬಂದ ದಿನವೇ ಓಡಿದೆ. ಅವರು ಲೊಚಗುಟ್ಟುತ್ತ ರಿಪೇರಿ ಮಾಡಿ ಕೊಟ್ಟರು. ಖುಷಿಯಿಂದ ನಾಲ್ಕನೆಯ ಪ್ರಯೋಗ ಮಾಡಿದೆ. ಜೋನಿಬೆಲ್ಲ.

ಅವತ್ತು ಚಿಕ್ಕಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ಒಂದು ಸೋಡಾ ಒಡೆದು ಕೈಗಿಟ್ಟು, "ನೋಡು, ಗ್ಯಾಸ್ ಅದೇ, ಸಿಲಿಂಡರ್ ಅದೇ. ನನ್ನ ಗ್ಯಾಸ್ ಕೆಟ್ಟದ್ದಾದ್ರೆ ಹೋದ ತಿಂಗಳು ಹೆಂಗೆ ಗಟ್ಟಿ ಬಂತು?" ಎಂದರು. ತಮ್ಮ ಗ್ಯಾಸಿನ ಮೇಲಿನ ಅಪವಾದ ತೊಳೆದುಕೊಳ್ಳಲು ಅವರು ವಕೀಲರ ಹಾಗೆ ತಯಾರಾಗಿ ಕೂತಿದ್ದರು. "ಹೋದ ತಿಂಗಳು ನೀನು ಮಾಡ್ದೇ ಇದ್ದಿದ್ದು ಏನು, ಅದನ್ನ ಹೇಳು."

ಸೋಡಾ ಕೆಳಗಿಟ್ಟೆ. ನಾನು ಆ ತಿಂಗಳು ಜನ್ನಾಪುರಕ್ಕೆ ಹೋಗಿರಲಿಲ್ಲ.

ಮುಂದಿನ ಶನಿವಾರ ಅತ್ತೆ ಕಾಫಿಗೆ ಕರೆದರೆ, ಬಂದೆ ಎಂದು ಹೇಳಿ ಶೆಡ್ಡಿನ ಬಾಗಿಲಲ್ಲೇ ನಿಂತೆ. ಮಾಮ ತಿರುಪು ಸರಿಮಾಡಿದರು, ಬಟ್ಟೆಯಿಂದ ಒರೆಸಿದರು. ಆಮೇಲೆ ಕಿಟಕಿಯ ಮೇಲಿಂದ ಒಂದು ಸಣ್ಣ ಹಿತ್ತಾಳೆ ಬಟ್ಟಲು ಇಳಿಸಿ, ಮೂರು ಬೆರಳು ಅದ್ದಿ, ಪಾತ್ರೆಯ ಒಳಗೋಡೆಗೂ ತಿರುಪಿಗೂ ವಿಭೂತಿ ಬಳಿದ ಹಾಗೆ ಬಳಿದರು. ಬಳಿದು, ಕಾಣದ ಹಾಗೆ ಮತ್ತೆ ಒರೆಸಿದರು. ಹರಳೆಣ್ಣೆಯ ವಾಸನೆ ನನ್ನ ಮೂಗಿಗೆ ಬಡಿಯಿತು.

"ಮಾಮ! ಅದೇನು ಹಚ್ತಾ ಇದೀರಿ?"

"ಹರಳೆಣ್ಣೆ," ಎಂದರು, ಇದೂ ಒಂದು ಕೇಳುವ ಮಾತೇ ಎಂಬ ಹಾಗೆ. "ಪ್ರತಿ ಸಲ ಹಚ್ತೀನಿ. ನನ್ನ ಲೇತಿಂದ ಇಳಿದ ಜಾಬನ್ನ ಎಣ್ಣೆ ಹಚ್ಚದೆ ಯಾವತ್ತೂ ಕಳ್ಸಿಲ್ಲ. ಮನೆ ಮಗಳನ್ನ ಯಾರಾದ್ರೂ ಒಣತಲೇಲಿ ಗಂಡನ ಮನೆಗೆ ಕಳಿಸ್ತಾರಾ?"

ಹರಳೆಣ್ಣೆಯ ಅಣುವಿಗೆ ಒಂದು ಗುಣವಿದೆ. ಅದು ನಮ್ಮ ಹೂಮಾಲೆಯ ನಡುವೆ ಬಾಯಿ ಹಾಕಿ, ಅಲ್ಲಿಗೇ ಗಂಟು ಹಾಕಿ ದಾರ ಕತ್ತರಿಸುತ್ತದೆ. ನಾನು ಒಳಭಾಗವನ್ನೇನೋ ತೊಳೆಯುತ್ತಿದ್ದೆ. ತಿರುಪಿನ ಸಂದಿನಲ್ಲಿ ಕೂತ ಎಣ್ಣೆ ಹೋಗುತ್ತಿರಲಿಲ್ಲ. ಸಂದುಗೊಂದಿಗೆ ನುಗ್ಗುವ ನನ್ನ ಅದ್ಭುತ ದ್ರಾವಕ ಅದನ್ನು ಕರಗಿಸಿಕೊಂಡು ಒಳಗೆ ತರುತ್ತಿತ್ತು. ಮಾಮ ಊರಲ್ಲಿಲ್ಲದ ತಿಂಗಳು ಹೊಸ ಎಣ್ಣೆ ಬೀಳದೆ, ಸಂದಿನಲ್ಲಿ ಉಳಿದದ್ದು ಸಲದಿಂದ ಸಲಕ್ಕೆ ಕಡಿಮೆಯಾಗಿತ್ತು. ಇಷ್ಟೂ ನನಗೆ ಒಂದು ಕ್ಷಣದಲ್ಲಿ ಹೊಳೆಯಿತು. ಹೊಳೆದ ಕೂಡಲೇ ಸಮಾಧಾನವಾಗಿ ಹೇಳಬಹುದಿತ್ತು. ನಾನು ಹೇಳಿದ್ದು ಇದು:

"ನಿಮ್ಮ ಹಾಳು ಹರಳೆಣ್ಣೆಯಿಂದ ನನ್ನ ಒಂದು ವರ್ಷ ಮಣ್ಣುಪಾಲಾಯ್ತು!"

ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾಮ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಎಣ್ಣೆ ಇಲ್ದೆ ತಿರುಗಿಸಿ ಏನಾಯ್ತು ಅಂತ ನೀನೇ ನೋಡಿದೀಯಲ್ಲ. ಕಿತ್ಕೊಂಡು ಬಂತು. ನನ್ನ ಕೆಲಸ ನಂಗೊತ್ತಮ್ಮ," ಎಂದರು. ದನಿ ಏರಿಸಲಿಲ್ಲ. ಪಾತ್ರೆಯನ್ನು ನನಗೆ ಕೊಡದೆ ಮನೆಯೊಳಗೆ ತೆಗೆದುಕೊಂಡು ಹೋದರು. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ. ಚೀಲ ಹಗುರವಾಗಿತ್ತು, ಆದರೂ ಎಂದಿಗಿಂತ ಕಷ್ಟವಾಯಿತು.

ನೋಂದಣಿ ಮುಗಿಯಲು ಆಗ ಉಳಿದಿದ್ದದ್ದು ಏಳೆಂಟು ತಿಂಗಳು. ಪಾತ್ರೆ ಅವರ ಮನೆಯಲ್ಲಿ. ಹೋಗಿ ಕ್ಷಮೆ ಕೇಳೋಣ ಎಂದು ದಿನಾ ಬೆಳಿಗ್ಗೆ ಎದ್ದ ಕೂಡಲೇ ಅನ್ನಿಸುತ್ತಿತ್ತು, ಹಲ್ಲುಜ್ಜುವಷ್ಟರಲ್ಲಿ ನನ್ನ ಸೊಕ್ಕು ಎದ್ದು ಕೂರುತ್ತಿತ್ತು. ಹೀಗೆ ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಚಿಕ್ಕಪ್ಪನ ಅಂಗಡಿಗೆ ಹೋದರೆ, ಮಾಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಪಾತ್ರೆ. ಅದರ ತಲೆಯ ಮೇಲೆ ಮುಚ್ಚಳ ಬಿಗಿಯುವ ಹೊಸದೊಂದು ತಿರುಪಿನ ಬಳೆ, ಹೊಂಬಣ್ಣದ್ದು.

"ಗನ್‌ಮೆಟಲ್," ಎಂದರು, ನನ್ನ ಕಡೆ ನೋಡದೆ. "ತಾಮ್ರಕ್ಕೆ ತವರ ಬೆರೆಸಿದ್ದು. ಸ್ಟೀಲೂ ಸ್ಟೀಲೂ ದಾಯಾದಿಗಳಿದ್ದಂಗೆ, ಒಂದನ್ನೊಂದು ಕಚ್ಕೊಳ್ತಾವೆ. ಅದಕ್ಕೇ ಎಣ್ಣೆ ಬೇಕಿತ್ತು. ಇದು ಹೊರಗಿನ ಕುಲ, ತಂಟೆ ಇಲ್ಲ. ಒಣಗಿದ್ರೂ ತಿರುಗ್ತದೆ. ಗ್ಯಾಸ್ ನಿಲ್ಲೋ ಜಾಗದಿಂದ ಆಚೆಗೆ ಕೂರಿಸಿದೀನಿ, ನಿನ್ನ ಮದ್ದಿಗೆ ತಾಗಲ್ಲ." ಆಮೇಲೆ ಪಾತ್ರೆಯನ್ನು ನನ್ನ ಕಡೆ ಸರಿಸಿ, "ನಿಮ್ಮತ್ತೆ ಸೀಗೆಪುಡಿ ಹಾಕಿ ಮೂರು ಸಲ ಕುದಿಸಿದಾಳೆ. ಎಣ್ಣೆ ಹಚ್ಚಿದ್ದೂ ನಮ್ಮನೆಯೋರೇ, ಎರೆದಿದ್ದೂ ನಮ್ಮನೆಯೋರೇ. ಇನ್ನು ನಿನ್ನ ಅದೃಷ್ಟ," ಎಂದರು.

ತಪ್ಪಾಯ್ತು ಎನ್ನಲು ನಾನು ಬಾಯಿ ತೆರೆದೆ. ಚಿಕ್ಕಪ್ಪ ಬಿಡುವವರೇ? "ಯಜಮಾನ್ರೇ, ಇವಳ ಬಾಯಿಗೂ ಒಂದು ಗನ್‌ಮೆಟಲ್ ಮುಚ್ಚಳ ಮಾಡ್ಕೊಡಿ, ನಮ್ಮಣ್ಣ ಏನು ಬೇಕಾದ್ರೂ ಕೊಡ್ತಾನೆ," ಎಂದರು. ಮಾಮ ಸೋಡಾ ಹೊರಗೆ ಚಿಮ್ಮುವಂತೆ ನಕ್ಕರು. ನನ್ನ ಕ್ಷಮಾಪಣೆ ಆ ನಗುವಿನಲ್ಲೇ ಮುಗಿದುಹೋಯಿತು.

ಮತ್ತೆ ಐಸು, ಉಪ್ಪು, ಬಿಸಿನೀರು, ಇಟ್ಟಿಗೆ ಗೋಡೆ. ಮಾರನೆಯ ದಿನ ಗ್ಯಾಸು ಬಿಟ್ಟು ಬಳೆ ತಿರುಗಿಸಿದೆ. ಒಣಗಿದ್ದರೂ ಸಲೀಸಾಗಿ ಬಂತು. ಒಳಗೆ ಬಿಳಿ ಪುಡಿ. ಅಂಟಿಲ್ಲ, ವಾಸನೆಯಿಲ್ಲ, ರಾಗಿಕಾಳಿನಷ್ಟು ಸಣ್ಣ ಸಣ್ಣ ಬಿಳಿ ಹರಳು. ಮೇಷ್ಟ್ರು ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹುಡುಗಿ, ನಾನು ನೆಮ್ಮದಿಯಾಗಿ ರಿಟೈರ್ ಆಗ್ತೀನಿ," ಎಂದರು. ನಾನು ಕುಣಿಯುವುದನ್ನೂ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆಮೇಲೆ ಕೆಲಸ ದಡದಡ ಓಡಿತು. ಅನುಮಾನ ಉಳಿಯಬಾರದೆಂದು ಒಂದು ಸಲ ಬೇಕೆಂದೇ ಒಂದು ಹನಿ ಹರಳೆಣ್ಣೆ ಹಾಕಿ ಮಾಡಿದೆ. ಜೋನಿಬೆಲ್ಲ ಬಂತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಮಾಮನಿಗೂ ಹೇಳಿದೆ. ಆದರೆ ಥೀಸಿಸ್ ಬರೆಯುವಾಗ ಆ ಪುಟವನ್ನು ಬಿಟ್ಟೆ. ಮೊದಲ ವರ್ಷದ ಸೋಲುಗಳಿಗೆ 'ಪಾತ್ರೆಯಲ್ಲಿದ್ದ ಕಲ್ಮಶ ಕಾರಣ' ಎಂದು ಒಂದೇ ಸಾಲು ಬರೆದು ಮುಂದೆ ಹೋದೆ. ಮೇಷ್ಟ್ರು ಅದರ ಕೆಳಗೆ ಪೆನ್ಸಿಲಿನಲ್ಲಿ ಗೀಟೆಳೆದು, "ಯಾವ ಕಲ್ಮಶ ಅಂತ ಬರೆಯಲ್ವಾ?" ಎಂದು ಕೇಳಿದರು.

"ಬೇಡ ಸರ್. ಅವರ ಕೈತಪ್ಪು ಅಂತ ಅಚ್ಚಾಗಿಬಿಡುತ್ತೆ."

"ನೋಡು, ಥೀಸಿಸ್ ನಿನ್ನದು," ಎಂದರು ಮೇಷ್ಟ್ರು.

ಮೌಖಿಕ ಪರೀಕ್ಷೆ ನಮ್ಮಲ್ಲಿ ಬಾಗಿಲು ತೆರೆದೇ ನಡೆಯುತ್ತಿತ್ತು, ಯಾರು ಬೇಕಾದರೂ ಬಂದು ಕೂರಬಹುದಿತ್ತು. ನಮ್ಮ ಕಡೆಯವರು ಮದುವೆಗೆ ಬಂದ ಹಾಗೆ ಬಂದರು. ಕೊನೆಯ ಸಾಲಿನಲ್ಲಿ ಅಪ್ಪ, ಚಿಕ್ಕಪ್ಪ, ಅತ್ತೆ, ಮತ್ತು ಅದೇ ಇಸ್ತ್ರಿ ಶರ್ಟಿನ ಮಾಮ. ಮೇಜಿನ ಮೇಲೆ ಪಾತ್ರೆಯನ್ನೂ ಇಟ್ಟಿದ್ದೆವು. ಪರೀಕ್ಷಕರು ಬೇರೆ ರಾಜ್ಯದವರು, ಕನ್ನಡ ಬಾರದು. ಎಲ್ಲವೂ ಇಂಗ್ಲಿಷಿನಲ್ಲಿ. ಚಿಕ್ಕಪ್ಪ ತಮಗೆ ತಿಳಿದಷ್ಟನ್ನು ಮಾಮನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದರು.

ಮುಕ್ಕಾಲು ಗಂಟೆ ಎಲ್ಲ ಚೆನ್ನಾಗಿತ್ತು. ಆಮೇಲೆ ಪರೀಕ್ಷಕರು ಪುಟ ಹಿಂದಕ್ಕೆ ತಿರುವಿ, ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಂದು ವರ್ಷ ಪ್ರಯೋಗ ಸೋತಿದೆ, ಕಲ್ಮಶ ಎಂದಿದ್ದೀರಿ, ಯಾವ ಕಲ್ಮಶ, ಎಲ್ಲಿಂದ ಬಂತು ಎಂದು ಕೇಳಿದರು. ನಾನು ಪಾತ್ರೆಯಿಂದ ಎಂದೆ. ಪಾತ್ರೆಯಲ್ಲಿ ಏನು ಎಂದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಆ ಉತ್ತರ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿತ್ತು. ಮೇಷ್ಟ್ರು ಚಾವಣಿ ನೋಡುತ್ತಿದ್ದರು.

ಪರೀಕ್ಷಕರು ಪುಸ್ತಕ ಮುಚ್ಚಿದರು. ಸೋಲಿನ ಕಾರಣವೇ ಗೊತ್ತಿಲ್ಲದವರು ಗೆಲುವಿನ ಕಾರಣ ಹೇಳಿದರೆ ನಂಬುವುದು ಹೇಗೆ, ಇದಕ್ಕೆ ನಾನು ಸಹಿ ಹಾಕಲಾರೆ ಎಂದರು. ಚಿಕ್ಕಪ್ಪ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಸೈನ್ ಹಾಕಲ್ವಂತೆ. ಮೊದ್ಲು ಯಾಕೆ ಕೆಟ್ಟೋಯ್ತು ಅಂತ ಹೇಳ್ಬೇಕಂತೆ. ಇವಳು ಬಾಯೇ ಬಿಡ್ತಿಲ್ಲ."

ಕುರ್ಚಿ ಸರಿದ ಸದ್ದಾಯಿತು. ಮಾಮ ಎದ್ದು ನಿಂತಿದ್ದರು.

"ಸಾರ್, ಅದು ನಾನು," ಎಂದರು ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ. "ಆ ಜಾಬ್ ಮಾಡಿದ್ದು ನಾನು. ವಾರಾ ವಾರಾ ಒಳಗೆ ಹರಳೆಣ್ಣೆ ಹಚ್ತಾ ಇದ್ದೆ, ಇವಳಿಗೆ ಹೇಳಿರ್ಲಿಲ್ಲ. ಇವಳೇ ಕಂಡುಹಿಡಿದ್ಲು. ಒಂದು ಹನಿ ಹಾಕಿ ನೋಡಿ ರುಜುವಾತೂ ಮಾಡಿದಾಳೆ. ನನ್ನ ಮರ್ಯಾದೆ ಉಳ್ಸೋಕೆ ಹೋಗಿ ತನ್ನ ಡಿಗ್ರಿ ಕಳ್ಕೊಳ್ತಾ ಇದಾಳೆ. ಬರ್ಕೊಳ್ಳಿ ಸಾರ್, ಹರಳೆಣ್ಣೆ."

ಮೇಷ್ಟ್ರು ಅದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಪರೀಕ್ಷಕರು ನನ್ನ ನೋಟ್‌ಬುಕ್ ಕೇಳಿ ತರಿಸಿ ಆ ಪುಟ ಓದಿದರು. ಆಮೇಲೆ ಎದ್ದು ಮೇಜಿನ ಹತ್ತಿರ ಹೋಗಿ ಗನ್‌ಮೆಟಲ್ ಬಳೆಯ ಮೇಲೆ ಕೈಯಾಡಿಸಿ, ಇದನ್ನು ಯಾಕೆ ಬೇರೆ ಲೋಹದಲ್ಲಿ ಮಾಡಿದಿರಿ ಎಂದು ಮಾಮನನ್ನೇ ಕೇಳಿದರು. ಮಾಮ ದಾಯಾದಿಗಳ ಕಥೆ ಹೇಳಿದರು. ಅದನ್ನು ಅನುವಾದಿಸಲು ಮೇಷ್ಟ್ರು ಪಟ್ಟ ಪಾಡು ನೋಡಿ ಎಲ್ಲರೂ ನಕ್ಕರು, ಪರೀಕ್ಷಕರೂ ನಕ್ಕರು. ಅರ್ಧ ಗಂಟೆ ಅವರು ನನ್ನನ್ನು ಏನೂ ಕೇಳಲಿಲ್ಲ, ಮಾಮನನ್ನೇ ಕೇಳಿದರು. ಹರಳೆಣ್ಣೆಯ ಪುಟವನ್ನು ಪೂರ್ತಿಯಾಗಿ ಸೇರಿಸಬೇಕು ಎಂಬ ಷರತ್ತಿನ ಮೇಲೆ ಸಹಿ ಹಾಕಿದರು.

ಹೊರಗೆ ಎಲ್ಲರಿಗೂ ಖಾರಾಬಾತು, ಕೇಸರಿಬಾತು ಹಂಚುತ್ತಿದ್ದರು. ನಾನು ಮಾಮನನ್ನು ಮರದ ಕೆಳಗೆ ಹಿಡಿದು ನಿಲ್ಲಿಸಿದೆ. ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. "ಅಷ್ಟು ಜನರ ಮುಂದೆ ಯಾಕೆ ಹೇಳಿದ್ರಿ ಮಾಮ? ನಾನು ಏನಾದ್ರೂ ಹೇಳಿ ಸಂಭಾಳಿಸ್ತಿದ್ದೆ."

ಅವರು ಎಲೆಯ ಮೇಲಿನ ಕೇಸರಿಬಾತನ್ನು ಬಾಯಿಗಿಟ್ಟು ನಿಧಾನವಾಗಿ ನುಂಗಿದರು. "ಮಾರಾಯ್ತಿ, ಕಾರ್ಖಾನೇಲಿ ಜಾಬ್ ಕೆಟ್ರೆ ಅದ್ರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದು, ಮಾಡಿದೋರ ನಂಬರ್ ಬರ್ದು, ಎಲ್ರಿಗೂ ಕಾಣೋ ಹಂಗೆ ಇಡ್ತಾ ಇದ್ವಿ. ನಾಚಿಕೆ ಆಗ್ತಿತ್ತು, ಆದ್ರೂ ಇಡ್ತಾ ಇದ್ವಿ. ಮುಚ್ಚಿಟ್ರೆ ಅದು ಒಳ್ಳೇ ಜಾಬ್ ಜೊತೆ ಸೇರ್ಕೊಂಡು ಎಲ್ಲೋ ಹೋಗಿ, ಯಾರ ಕೈಯೋ ಕಾಲೋ ತೆಗೀತದೆ. ಗೀಟು ಎಳೆದಿದ್ದಕ್ಕೆ ಯಾರೂ ನನ್ನನ್ನ ಕೆಟ್ಟ ಟರ್ನರ್ ಅನ್ನಲಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಇಷ್ಟು ತಿಂಗಳು ನಾನು ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದು ಬೀಗಿದ್ದೆ. ಒಂದು ಹನಿ ಎಣ್ಣೆಗೆ ಕರಗಿಹೋಗುವಷ್ಟು ಸಣ್ಣದು ಅವರ ಮರ್ಯಾದೆ ಎಂದುಕೊಂಡವಳು ನಾನೇ ಆಗಿದ್ದೆ.

"ಆ ಪುಟದಲ್ಲಿ ನಿಮ್ಮ ಹೆಸರು ಹಾಕ್ಲಾ ಮಾಮ?" ಎಂದು ಕೇಳಿದೆ.

"ಹಾಕು. ಅಡ್ಡಗೀಟಿನ ಪಕ್ಕ ನಂಬರ್ ಇಲ್ದಿದ್ರೆ ಹೆಂಗೆ?" ಎಂದರು.